ಕಲಗಚ್ಚು ಮತ್ತು ಕೊಳವೆ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸ)



ಸಾಹಿತ್ಯ ಸಂಗೀತಗಳಿಗೆ ಮೀಸಲಾದ ಈ ವೇದಿಕೆಯಿಂದ ಅಡಿಗೆಮನೆಯ ಸಿಂಕಿನ ಕುರಿತು ಮಾತನಾಡುವುದು ಕೆಲವರಿಗೆ ವಿನೋದವೆನಿಸೀತು. ಆದರೆ ಯುಗಾದಿಯ ಅಡಿಗೆ ಮುಗಿದು, ಮನೆ ತುಂಬ ಅತಿಥಿಗಳಿರುವಾಗ, ಮುಸುರೆಯ ನೀರು ಇಳಿಯದೆ ಸಿಂಕಿನಲ್ಲಿ ನಿಂತರೆ ಆ ವಿನೋದ ಉಳಿಯದು.

ನಮ್ಮ ಊರುಗಳ ಮನೆಗಳಲ್ಲಿ ಅಡಿಗೆಯ ಪ್ರತಿಯೊಂದು ಶೇಷಕ್ಕೂ ಒಂದು ದಾರಿಯಿತ್ತು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿನ ಬಾನಿಯನ್ನು ಸೇರುತ್ತಿತ್ತು. ಸಿಪ್ಪೆ, ನಾರು ತಿಪ್ಪೆಗೆ. ಪಾತ್ರೆ ತೊಳೆದ ನೀರು ಹಿತ್ತಲಿನ ಬಾಳೆಯ ಬುಡಕ್ಕೆ. ಅಮೆರಿಕದ ಈ ಮನೆಗಳಲ್ಲಿ ಹಸು, ತಿಪ್ಪೆ, ಬಾಳೆ ಮೂರರ ಹೊಣೆಯನ್ನೂ ನಾವು ಒಂದೂವರೆ ಅಂಗುಲದ ಕೊಳವೆಗೆ ಒಪ್ಪಿಸಿದ್ದೇವೆ.

ಡಿಸ್ಪೋಸರ್ ಇದೆಯಲ್ಲ ಎನ್ನಬಹುದು. ವಿಸ್ಕಾನ್ಸಿನ್ ರಾಜ್ಯದ ರಸೀನ್ ನಗರದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ 1927ರಲ್ಲಿ ರೂಪಿಸಿದ ಆ ಯಂತ್ರ ಪದಾರ್ಥವನ್ನು ಅರೆಯುತ್ತದೆಯೇ ಹೊರತು ಕರಗಿಸುವುದಿಲ್ಲ. ತೆಂಗಿನ ತುರಿ, ಹುಣಿಸೆಯ ನಾರು, ಕರಿಬೇವು, ಅನ್ನದ ಅಗುಳು ಕೊಳವೆಯಲ್ಲಿ ತಂಗುತ್ತವೆ. ಇವನ್ನು ಗಾರೆಯಂತೆ ಬೆಸೆಯುವುದು ಜಿಡ್ಡು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಕೊಳವೆಯಲ್ಲಿ ತುಪ್ಪದ ಗತಿಯೂ ಅದೇ.

ನೀರು ನಿಂತೊಡನೆ ಅಂಗಡಿಯಿಂದ ತಂದ ದ್ರವದ ಶೀಸೆಯತ್ತ ಕೈ ಚಾಚುವುದು ಸಹಜ. ಅಪಾಯವಿರುವುದು ಅಲ್ಲಿಯೇ. ಅಂತಹ ಹಲವು ದ್ರವಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ. ಅದು ಚರ್ಮವನ್ನೂ ಕಣ್ಣನ್ನೂ ಸುಡಬಲ್ಲದು. ಅದರಿಂದಲೂ ಕಟ್ಟು ಬಿಡದಿದ್ದರೆ, ಮುಂದೆ ಕೊಳವೆ ಬಿಚ್ಚುವವರ ಕೈ ಮುಖಗಳ ಮೇಲೆ ಸುರಿಯುವುದು ಅದೇ ದ್ರವ. ಬ್ಲೀಚ್ ಇರುವ ದ್ರವಕ್ಕೆ ಆಮ್ಲ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಆದ್ದರಿಂದ ಕೈಕೆಲಸವೇ ಮೊದಲು.

ಡಿಸ್ಪೋಸರಿನ ವಿದ್ಯುತ್ತನ್ನು ನಿಲ್ಲಿಸಬೇಕು. ಜೋಡಿ ಸಿಂಕಾದರೆ ಇನ್ನೊಂದರ ಬಾಯಿಗೆ ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ಇಲ್ಲವಾದರೆ ಒತ್ತಡವೆಲ್ಲ ಅತ್ತ ಹೊರಟುಹೋಗುತ್ತದೆ. ಪ್ಲಂಜರಿನ ರಬ್ಬರ್ ಬಟ್ಟಲು ಮುಳುಗುವಷ್ಟು ನೀರಿರಿಸಿ, ಹದಿನೈದು ಇಪ್ಪತ್ತು ಬಾರಿ ಬಲವಾಗಿ ಒತ್ತಿ ಎಳೆಯಬೇಕು.

ಅದಕ್ಕೂ ಜಗ್ಗದಿದ್ದರೆ ಕೆಳಗೆ ಬಕೆಟ್ ಇರಿಸಿ, ಬಾಗಿದ ಕೊಳವೆಯ ಎರಡು ನಟ್ಟುಗಳನ್ನು ಬಿಚ್ಚಬೇಕು. ಆ ಬಾಗು ನಿಷ್ಪ್ರಯೋಜಕವಲ್ಲ. ಅಲ್ಲಿ ಸದಾ ನಿಂತಿರುವ ನೀರೇ ಚರಂಡಿಯ ದುರ್ವಾಸನೆಯನ್ನು ತಡೆಯುತ್ತದೆ. ಬಾಗನ್ನು ಬ್ರಷ್ಷಿನಿಂದ ಉಜ್ಜಿ, ವಾಷರುಗಳನ್ನು ಇದ್ದಂತೆಯೇ ಕೂರಿಸಿ ಬಿಗಿದು, ನೀರು ಬಿಟ್ಟು ಸೋರುವುದೇ ಎಂದು ನೋಡಬೇಕು. ಬಕೆಟ್ಟಿನ ನೀರನ್ನು ಅದೇ ಸಿಂಕಿಗೆ ಸುರಿಯಬಾರದೆಂದು ಹೇಳಬೇಕಾಗಿಲ್ಲವಷ್ಟೆ! ಬಾಗಿನಲ್ಲಿ ಏನೂ ಸಿಗದಿದ್ದರೆ ಕಟ್ಟು ಗೋಡೆಯೊಳಗಿದೆ. ಅದಕ್ಕೆ ಸ್ನೇಕ್ ಎಂಬ ಸುರುಳಿ ತಂತಿ ಬೇಕು. ಬಚ್ಚಲಿನಲ್ಲಿಯೂ ನೀರು ಮೇಲೇರುತ್ತಿದ್ದರೆ ಮುಖ್ಯ ಕೊಳವೆಯೇ ಕಟ್ಟಿರುವ ಸಂಭವ ಹೆಚ್ಚು. ಆಗ ಪ್ಲಂಬರರನ್ನು ಕರೆಯಬೇಕು, ಬಾಡಿಗೆ ಮನೆಯಾದರೆ ಮಾಲೀಕರಿಗೆ ತಿಳಿಸಬೇಕು.

ಇಷ್ಟೆಲ್ಲ ಶ್ರಮಕ್ಕಿಂತ, ಕೊಳವೆಗೆ ಏನನ್ನು ಕೊಡಬಾರದೆಂದು ಅರಿಯುವುದು ಸುಲಭ. ಬಾಣಲೆಯ ಜಿಡ್ಡನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕೋಣ. ಸಿಂಕಿನ ಬಾಯಿಗೆ ಒಂದು ಜಾಲರಿ ಇರಿಸೋಣ. ಅಕ್ಕಿ ತೊಳೆದ ನೀರನ್ನು ಕಿಟಕಿಯ ಬಳಿಯ ಕರಿಬೇವಿನ ಕುಂಡಕ್ಕೆ ಎರೆಯೋಣ. ಕೊಟ್ಟಿಗೆಯಿಲ್ಲದ ಮನೆಯಲ್ಲಿಯೂ ನಮ್ಮ ಹಿರಿಯರ ವಿವೇಕಕ್ಕೆ ಸ್ಥಳವಿದೆ. ಅದನ್ನು ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಕಲಿಸೋಣ.