ರೆಕ್ಕೆಯಲ್ಲ, ನೆಲ: ಶ್ರೀನಗರದ ಒಂದನೇ ವಿಂಗ್ ಕಥೆ

(ಕಾಲೇಜು ವಿದ್ಯಾರ್ಥಿಗಳೆದುರು ನೀಡಿದ ಉಪನ್ಯಾಸದ ಬರಹ ರೂಪ)



ವಾಯುಪಡೆ ಎಂದೊಡನೆ ನಮ್ಮ ಕಣ್ಣು ಆಕಾಶದತ್ತ ಹೋಗುತ್ತದೆ. ವಿಮಾನ, ಅದರೊಳಗಿನ ಪೈಲಟ್, ಅವನ ಸಾಹಸ. ನಾವು ಕೇಳಿದ ಕಥೆಗಳೆಲ್ಲ ಅಲ್ಲಿಗೇ ಮುಗಿಯುತ್ತವೆ. ಇಂದು ನಾನು ಹೇಳಹೊರಟಿರುವುದು ನೆಲದ ಮೇಲಿನ ಕಥೆ. ಭಾರತೀಯ ವಾಯುಪಡೆಯ ಒಂದನೇ ವಿಂಗ್, ಅಂದರೆ ಶ್ರೀನಗರ ವಾಯುನೆಲೆಯ ಕಥೆ.

ಮೊದಲು 'ವಿಂಗ್' ಎಂಬ ಪದವನ್ನೇ ನೋಡೋಣ. ನಿಘಂಟಿನಲ್ಲಿ ಅದಕ್ಕೆ ರೆಕ್ಕೆ ಎಂಬ ಅರ್ಥವಿದೆ. ಆದರೆ ವಾಯುಪಡೆಯ ವ್ಯವಹಾರದಲ್ಲಿ ಹಾರುವುದು ಸ್ಕ್ವಾಡ್ರನ್, ವಿಂಗ್ ಹಾರುವುದಿಲ್ಲ. ಎರಡು ಮೂರು ಸ್ಕ್ವಾಡ್ರನ್‌ಗಳು ಅಥವಾ ಹೆಲಿಕಾಪ್ಟರ್ ಘಟಕಗಳು, ಅವುಗಳಿಗೆ ಬೇಕಾದ ರನ್‌ವೇ, ಇಂಧನ, ಮದ್ದುಗುಂಡು, ದುರಸ್ತಿ ಶೆಡ್ಡು, ರೇಡಾರ್, ಆಸ್ಪತ್ರೆ, ಕಾವಲು, ಅಡುಗೆಮನೆ ಇವೆಲ್ಲ ಸೇರಿದರೆ ಒಂದು ವಿಂಗ್. ಸ್ಕ್ವಾಡ್ರನ್‌ಗಳು ಊರಿಂದ ಊರಿಗೆ ವರ್ಗವಾಗುತ್ತವೆ. ವಿಂಗ್ ಇದ್ದಲ್ಲೇ ಇರುತ್ತದೆ. ಇನ್ನೊಂದು ಸ್ವಾರಸ್ಯವಿದೆ. 'ವಿಂಗ್ ಕಮಾಂಡರ್' ಎಂಬ ಹುದ್ದೆಯವರು ಇಂದು ಸಾಮಾನ್ಯವಾಗಿ ನಡೆಸುವುದು ಸ್ಕ್ವಾಡ್ರನ್ನನ್ನು. ವಿಂಗ್‌ನ ಮುಖ್ಯಸ್ಥರು ಗ್ರೂಪ್ ಕ್ಯಾಪ್ಟನ್ ಇಲ್ಲವೇ ಏರ್ ಕಮಡೋರ್ ದರ್ಜೆಯವರು.

ಒಂದನೇ ವಿಂಗ್ 1947-48ರ ಕಾಶ್ಮೀರ ಯುದ್ಧದ ಕೂಸು. 1947ರ ಅಕ್ಟೋಬರ್ 26ರಂದು ಮಹಾರಾಜ ಹರಿಸಿಂಗ್ ವಿಲೀನ ಪತ್ರಕ್ಕೆ ಸಹಿ ಹಾಕಿದರು. ಮರುದಿನ ಬೆಳಗ್ಗೆ ದಿಲ್ಲಿಯಿಂದ ಡಕೋಟಾ ವಿಮಾನಗಳು ಹೊರಟವು. ಅವುಗಳಲ್ಲಿದ್ದದ್ದು ಲೆಫ್ಟಿನೆಂಟ್ ಕರ್ನಲ್ ದೀವಾನ್ ರಂಜಿತ್ ರಾಯ್ ನೇತೃತ್ವದ ಒಂದನೇ ಸಿಖ್ ಪಡೆ. ವಾಯುಪಡೆಯ 12ನೇ ಸ್ಕ್ವಾಡ್ರನ್ ಜತೆಗೆ ಖಾಸಗಿ ಕಂಪನಿಗಳ ಡಕೋಟಾಗಳೂ ಈ ಕೆಲಸಕ್ಕೆ ಬಂದವು. ಶ್ರೀನಗರದಲ್ಲಿ ಆಗ ಇದ್ದದ್ದು ಡಾಂಬರು ಕಾಣದ ಮಣ್ಣಿನ ಪಟ್ಟಿ. ದಾಳಿಕೋರರು ಅದನ್ನು ಹಿಡಿದಿದ್ದರೆ ಅಲ್ಲಿ ಇಳಿಯದೆ ಜಮ್ಮುವಿಗೆ ಹೋಗಬೇಕೆಂದು ರಾಯ್ ಅವರಿಗೆ ಸೂಚನೆಯಿತ್ತು. ಪಟ್ಟಿ ಖಾಲಿಯಿತ್ತು, ವಿಮಾನಗಳು ಇಳಿದವು. ಬಾರಾಮುಲ್ಲಾ ರಸ್ತೆಯಲ್ಲಿ ಶತ್ರುವನ್ನು ತಡೆಯಹೊರಟ ರಾಯ್ ಕಾಳಗದಲ್ಲಿ ಹುತಾತ್ಮರಾದರು.

ಒಂದು ವಾರ ಕಳೆಯುವಷ್ಟರಲ್ಲಿ, ನವೆಂಬರ್ 3ರಂದು, ಪಕ್ಕದ ಬಡಗಾಂನಲ್ಲಿ ಮತ್ತೊಂದು ಕದನ. ಪ್ಲಾಸ್ಟರ್ ಹಾಕಿದ ಕೈಯಲ್ಲೇ ಹೋರಾಡಿದ ಮೇಜರ್ ಸೋಮನಾಥ ಶರ್ಮಾ ಅಲ್ಲಿ ಪ್ರಾಣ ಕೊಟ್ಟರು. ದೇಶದ ಮೊದಲ ಪರಮವೀರ ಚಕ್ರ ಅವರದು. ಆ ದಿನ ಅವರು ಕಾಯುತ್ತಿದ್ದದ್ದು ಏನನ್ನು? ಒಂದು ವಿಮಾನ ನಿಲ್ದಾಣವನ್ನು. ಅದು ಕೈಬಿಟ್ಟಿದ್ದರೆ ಸೈನಿಕರೂ ಬರುತ್ತಿರಲಿಲ್ಲ, ಗುಂಡೂ ಬರುತ್ತಿರಲಿಲ್ಲ, ಕಣಿವೆಯೂ ಉಳಿಯುತ್ತಿರಲಿಲ್ಲ.

ಆ ನಿಲ್ದಾಣದಲ್ಲಿ ಇಂಧನದ ಸಂಗ್ರಹವೂ ಇರಲಿಲ್ಲ. ಸ್ಪಿಟ್‌ಫೈರ್ ಯುದ್ಧವಿಮಾನಗಳು ಬಂದಿಳಿದಾಗ, ಡಕೋಟಾಗಳ ಟ್ಯಾಂಕಿನಿಂದ ಪೆಟ್ರೋಲು ತೆಗೆದು ಅವಕ್ಕೆ ತುಂಬಿಸಿದರು. ಬಾಂಬರ್ ವಿಮಾನಗಳು ಇರಲಿಲ್ಲ. ಡಕೋಟಾದ ಬಾಗಿಲಿನಿಂದ ಬಾಂಬುಗಳನ್ನು ಕೈಯಾರೆ ಉರುಳಿಸಿದರು. ಸಾಮಾನು ಸಾಗಿಸುವ ಬಂಡಿಯನ್ನೇ ಯುದ್ಧರಥ ಮಾಡಿಕೊಂಡ ಹಾಗೆ.

ಜಮ್ಮು-ಕಾಶ್ಮೀರದ ವಾಯು ಕಾರ್ಯಾಚರಣೆಯ ಹೊಣೆ ಹೊತ್ತಿದ್ದವರು ಏರ್ ಕಮಡೋರ್ ಮೆಹರ್ ಸಿಂಗ್. ಶತ್ರುಗಳು ಸುತ್ತುವರಿದಿದ್ದ ಪೂಂಛ್ ಪಟ್ಟಣದಲ್ಲಿ ಸಾವಿರಾರು ನಿರಾಶ್ರಿತರು ಸಿಕ್ಕಿಬಿದ್ದಿದ್ದರು. ಆ ನಿರಾಶ್ರಿತರೇ ಸೈನಿಕರೊಡನೆ ಸೇರಿ ನೆಲ ಸಮಮಾಡಿ ವಿಮಾನ ಇಳಿಯುವ ಪಟ್ಟಿ ಮಾಡಿದರು. 1947ರ ಡಿಸೆಂಬರ್‌ನಲ್ಲಿ ಮೆಹರ್ ಸಿಂಗ್ ಅಲ್ಲಿ ಮೊದಲ ಡಕೋಟಾ ಇಳಿಸಿದರು. ಮುಂದೆ ಅದೇ ಪಟ್ಟಿಯಲ್ಲಿ ಅಕ್ಕಿ, ಔಷಧ, ಫಿರಂಗಿಗಳೂ ಬಂದಿಳಿದವು. ಗಾಯಾಳುಗಳು, ನಿರಾಶ್ರಿತರು ಹೊರಗೆ ಹೋದರು. 1948ರ ನವೆಂಬರ್‌ನಲ್ಲಿ ಮುತ್ತಿಗೆ ತೆರವಾಗುವವರೆಗೆ ಆ ಊರಿನ ಜೀವ ನಿಂತದ್ದು ಆ ಮಣ್ಣಿನ ಪಟ್ಟಿಯ ಮೇಲೆ.

ಲೇಹ್ ಕಥೆಯೂ ಹೀಗೆಯೇ. 1948ರ ಮೇ 24ರಂದು ಮೆಹರ್ ಸಿಂಗ್ ಶ್ರೀನಗರದಿಂದ ಹೊರಟಾಗ ಅವರ ವಿಮಾನದಲ್ಲಿದ್ದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ, ಮಡಿಕೇರಿಯಲ್ಲಿ ಹುಟ್ಟಿ, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯ. ಅಷ್ಟು ಎತ್ತರದ ಹಿಮಾಲಯ ದಾಟಲು ಡಕೋಟಾ ಮಾಡಿದ ವಿಮಾನವಲ್ಲ. ಝೋಜಿ ಲಾ, ಫೋತು ಲಾ ಕಣಿವೆಮಾರ್ಗಗಳನ್ನು ದಾಟಿ, ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ಸಿಂಧೂ ನದಿಯ ಬಳಿಯ ಮರಳುನೆಲದ ಮೇಲೆ ಅದು ಇಳಿಯಿತು. ಮೆಹರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು. ಆ ಪಟ್ಟಿಯನ್ನು ಸ್ಥಳೀಯ ಜನರನ್ನು ಕೂಡಿಸಿಕೊಂಡು ಸಿದ್ಧಮಾಡಿದ ಎಂಜಿನಿಯರ್ ಲಡಾಖಿನವರೇ ಆದ ಸೋನಂ ನೋರ್ಬು. ವಿಮಾನ ಇಳಿಸಿದವರ ಹೆಸರು ನಮಗೆ ಗೊತ್ತು. ಇಳಿಯಲು ನೆಲ ಕೊಟ್ಟವರ ಹೆಸರು ಎಷ್ಟು ಜನರಿಗೆ ಗೊತ್ತು?

ಯುದ್ಧವಿರಾಮದ ನಂತರ ವಿಚಿತ್ರ ಸ್ಥಿತಿ. 1948ರಷ್ಟು ಹಿಂದಿನ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಶ್ರೀನಗರದಲ್ಲಿ ವಾಯುರಕ್ಷಣೆಯ ವಿಮಾನಗಳನ್ನು ಖಾಯಂ ಆಗಿ ಇಡುವಂತಿರಲಿಲ್ಲ. ವಿಂಗ್ ಇತ್ತು, ಯುದ್ಧವಿಮಾನ ಇರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಯುದ್ಧ ಶುರುವಾದಾಗ 18ನೇ ಸ್ಕ್ವಾಡ್ರನ್‌ನ ನ್ಯಾಟ್ ವಿಮಾನಗಳು ಅಲ್ಲಿದ್ದವು. ನ್ಯಾಟ್ ನಮಗೆ ಪರಕೀಯವಲ್ಲ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಬ್ರಿಟಿಷ್ ಪರವಾನಗಿಯ ಮೇಲೆ ತಯಾರಿಸುತ್ತಿದ್ದ ವಿಮಾನ ಅದು. ಆ ಪೈಲಟ್‌ಗಳಿಗೆ ಕಣಿವೆ ಹೊಸದು, ಚಳಿ ಹೊಸದು. ಸುತ್ತಲೂ ಬೆಟ್ಟಗಳಿರುವುದರಿಂದ ದಾಳಿಯ ಮುನ್ಸೂಚನೆ ಸಿಗುವುದೂ ತಡ.

ಡಿಸೆಂಬರ್ 14ರಂದು ಪಾಕಿಸ್ತಾನದ ಆರು ಸೇಬರ್‌ಗಳು ನೆಲೆಯ ಮೇಲೆ ಎರಗಿದವು. ಬಾಂಬ್ ಬೀಳುತ್ತಿರುವ ರನ್‌ವೇಯಿಂದಲೇ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಮೇಲೇರಿ ಒಬ್ಬರೇ ಹೋರಾಡಿದರು. ವಿಮಾನ ಬಿದ್ದು ಮಡಿದರು. ಅವರ ದೇಹ ಸಿಗಲೇ ಇಲ್ಲ. ವಾಯುಪಡೆಗೆ ಇದುವರೆಗೆ ಬಂದಿರುವ ಏಕೈಕ ಪರಮವೀರ ಚಕ್ರ ಅವರದು.

ಇನ್ನೊಂದು ದಿನದ ಮಾತು ಹೇಳದಿದ್ದರೆ ಈ ಚರಿತ್ರೆ ಅರೆಬರೆ. 2019ರ ಫೆಬ್ರುವರಿ 27. ಅಂದು ಬೆಳಗ್ಗೆ ಈ ನೆಲೆಯಿಂದಲೇ ವಿಂಗ್ ಕಮಾಂಡರ್ ಅಭಿನಂದನ್ ಅವರ ಮಿಗ್-21 ಹಾರಿತು. ಅವರು ಸೆರೆಸಿಕ್ಕಿದ್ದು, ಮಾರ್ಚ್ 1ರಂದು ಮರಳಿದ್ದು ದೇಶಕ್ಕೆಲ್ಲ ಗೊತ್ತು. ಅದೇ ಬೆಳಗ್ಗೆ ಇದೇ ನೆಲೆಯ ಮಿ-17 ಹೆಲಿಕಾಪ್ಟರ್ ಬಡಗಾಂ ಬಳಿ ಬಿತ್ತು. ಅದರಲ್ಲಿದ್ದ ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಹೊಡೆದದ್ದು ನಮ್ಮದೇ ಕ್ಷಿಪಣಿ. ಆಗಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದೇ ಅಕ್ಟೋಬರ್‌ನಲ್ಲಿ ಅದು ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿದರು.

ಈ ಘಟನೆಯನ್ನು ಯಾರನ್ನೋ ಹಳಿಯಲು ನಾನು ಎತ್ತುತ್ತಿಲ್ಲ. ನೆಲದ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಇದಕ್ಕಿಂತ ಕಟುವಾಗಿ ಹೇಳುವ ಉದಾಹರಣೆ ಬೇರೆ ಇಲ್ಲ. ನೆಲ ಸರಿಯಿದ್ದಾಗ ಕೀರ್ತಿ ಆಕಾಶಕ್ಕೆ ಹೋಗುತ್ತದೆ. ನೆಲ ತಪ್ಪಿದಾಗ ನಮ್ಮವರನ್ನು ನಾವೇ ಕಳೆದುಕೊಳ್ಳುತ್ತೇವೆ. ಗೆದ್ದ ದಿನವನ್ನು ನೆನೆಯುವ ಚರಿತ್ರೆ ಆ ಏಳು ಜನರನ್ನೂ ನೆನೆಯಬೇಕು.

ಅಭಿನಂದನ್ ಅವರ 51ನೇ ಸ್ಕ್ವಾಡ್ರನ್ 2022ರ ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ಸರಿಯಿತು. ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದವು. ಡಕೋಟಾ, ಸ್ಪಿಟ್‌ಫೈರ್, ನ್ಯಾಟ್ ಎಂದೋ ಹೋದವು. ಉಳಿದಿರುವುದು ನೆಲೆ ಮಾತ್ರ. ಕಾಶ್ಮೀರ ನೋಡಲು ಹೋಗುವ ನಮ್ಮೂರಿನ ಪ್ರವಾಸಿಗಳ ವಿಮಾನವೂ ಅದೇ ರನ್‌ವೇಯಲ್ಲಿ ಇಳಿಯುತ್ತದೆ. ಯಲಹಂಕ, ಬೀದರ್‌ಗಳ ಬೇಲಿಯಾಚೆ ನಿಂತು ನಾವು ಆಕಾಶ ನೋಡುವಾಗ, ಕೆಳಗೆ ಸ್ಪ್ಯಾನರ್ ಹಿಡಿದವನನ್ನೂ, ರನ್‌ವೇ ಗುಡಿಸುವವನನ್ನೂ ಒಮ್ಮೆ ನೋಡೋಣ. ವಿಂಗ್ ಎಂದರೆ ಅವರೂ ಹೌದು.