ಗುಜರಿಗೆ ಹಾಕುವ ಮುನ್ನ

ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸದ ಕಡೆ ಹೊರಟರೆ, ಹಳೇ ಅಂಗಡಿಯ ಗೋಡೆಗೋ ತೋಟದ ಕೊಟ್ಟಿಗೆಗೋ ಮೊಳೆ ಹೊಡೆದ ಜಾಹೀರಾತಿನ ತಗಡು ಈಗಲೂ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ನಮ್ಮ ಮಲೆನಾಡಿನ ಮಳೆಗೆ ಯಾವ ಬಣ್ಣವೂ ತಡೆಯುವುದಿಲ್ಲ. ಎನಾಮಲ್ ಮಾತ್ರ ತಡೆಯುತ್ತದೆ. ಅದು ಗಾಜಿನ ಪುಡಿ. ಸುಮಾರು 800 ಡಿಗ್ರಿ ಶಾಖದಲ್ಲಿ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ್ದು. ತುಕ್ಕು ಹಿಡಿಯುವುದು ಮೊಳೆಯ ತೂತಿನ ಸುತ್ತ, ಗಾಜು ಚಕ್ಕೆ ಎದ್ದ ಕಡೆ.

ಅದನ್ನು ಯಾರು, ಯಾವಾಗ ಹಾಕಿದರೆಂದು ಹೇಳುವವರು ಇರುವುದಿಲ್ಲ. ಆಗ ತಗಡನ್ನೇ ಕೇಳಬೇಕು. ಬರ್ಮಾ ಶೆಲ್ ಎಂದಿದ್ದರೆ 1976ಕ್ಕೂ ಹಿಂದಿನದು. ಆ ವರ್ಷ ಸರ್ಕಾರ ಆ ಕಂಪನಿಯನ್ನು ವಹಿಸಿಕೊಂಡಿತು, ಮುಂದೆ ಅದೇ ಭಾರತ್ ಪೆಟ್ರೋಲಿಯಂ ಆಯಿತು. ವಿಳಾಸದಲ್ಲಿ ಮೈಸೂರು ರಾಜ್ಯ ಎಂದಿದೆಯೇ? ಬಹುಮಟ್ಟಿಗೆ 1973ರ ನವೆಂಬರ್‌ಗೆ ಮುಂಚಿನದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ನನಗೆ ಅತ್ಯಂತ ಖುಷಿ ಕೊಡುವುದು ಬೆಲೆ. ನಯಾಪೈಸೆ ಎಂದು ಬರೆದಿದ್ದರೆ 1957ರಿಂದ 1964ರೊಳಗಿನ ತಗಡು ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು.

ಇಂಥವು ಈಗ ಗುಜರಿ ವ್ಯಾಪಾರಿಯ ಕೈ ದಾಟಿ ನಗರದ ಹೋಟೆಲುಗಳ ಅಲಂಕಾರಕ್ಕೆ ಹೋಗುತ್ತಿವೆ. ಊರು ಬಿಟ್ಟ ತಗಡಿಗೆ ಅರ್ಧ ಚರಿತ್ರೆ ಇಲ್ಲ. ನಿಮ್ಮ ಮನೆಯ ಅಟ್ಟದಲ್ಲೊಂದು ಇದ್ದರೆ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕೆಳಅಂಚನ್ನು ನೋಡಿ, ತಯಾರಿಸಿದವರ ಹೆಸರು ಎಷ್ಟೋ ಸಲ ಅಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ಫೋಟೋ ತೆಗೆದು, ಯಾವ ಗೋಡೆಯ ಮೇಲಿತ್ತೆಂದು ಮನೆಯ ಹಿರಿಯರನ್ನು ಕೇಳಿ ಇವತ್ತೇ ಬರೆದಿಡಿ.