ಪದವಿಯಿದೆ, ಪೂರ್ಣ ಪರವಾನಿಗೆಯಿಲ್ಲ

(ವೈದ್ಯಕೀಯ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆಲವು ದಿನಗಳ ಹಿಂದೆ ಓರ್ವ ತಂದೆ ನನ್ನನ್ನು ಭೇಟಿಯಾದರು. ಅವರ ಮಗಳು ಇಲ್ಲೇ ಎಂಬಿಬಿಎಸ್ ಮುಗಿಸಿದ್ದಾಳೆ. ಅಮೆರಿಕದಲ್ಲಿರುವ ಯುವಕನೊಂದಿಗೆ ನಿಕಾಹ್ ನಿಶ್ಚಯವಾಗಿದೆ. 'ಅಲ್ಲಿಗೆ ಹೋಗಿ ಪರೀಕ್ಷೆ ಪಾಸು ಮಾಡಿದರೆ ಡಾಕ್ಟರಾಗಿ ಕೆಲಸ ಮಾಡಬಹುದಲ್ಲವೇ?' ಎಂದು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಇದೇ ನಂಬಿಕೆಯಿದೆ. ಆದರೆ ವಾಸ್ತವ ಹಾಗಿಲ್ಲ.

ನಮ್ಮಲ್ಲಿ ಎಂಬಿಬಿಎಸ್ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿದವರು ವೈದ್ಯಕೀಯ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಕ್ಲಿನಿಕ್ ತೆರೆಯಬಹುದು. ಅಮೆರಿಕದಲ್ಲಿ ಪದವಿಯೂ ಸಾಲದು, ಯುಎಸ್‌ಎಂಎಲ್‌ಇ ಪರೀಕ್ಷೆಯೂ ಸಾಲದು. ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ತರಬೇತಿ ಪಡೆಯದವರಿಗೆ ಸಾಮಾನ್ಯವಾಗಿ ಪೂರ್ಣ ಪರವಾನಿಗೆ ಸಿಗುವುದಿಲ್ಲ. ಕುಟುಂಬ ವೈದ್ಯರಾಗಬೇಕಿದ್ದರೂ ಈ ತರಬೇತಿ ಮೂರು ವರ್ಷದ್ದು. ಅದಕ್ಕೆ ಆಯ್ಕೆ ನಡೆಯುವುದು ಪ್ರತಿ ವರ್ಷ ಮಾರ್ಚ್‌ನಲ್ಲಿ ಫಲಿತಾಂಶ ಹೊರಬೀಳುವ 'ಮ್ಯಾಚ್' ಎಂಬ ವ್ಯವಸ್ಥೆಯ ಮೂಲಕ. 2024ರಲ್ಲಿ ಅಲ್ಲಿದ್ದ ಸ್ಥಾನಗಳು 41,503. ಅಮೆರಿಕದ ಎಂಡಿ ಕಾಲೇಜುಗಳ ಅಂತಿಮ ವರ್ಷದವರಲ್ಲಿ ಶೇ. 93.5 ಮಂದಿಗೆ ಸ್ಥಾನ ದೊರೆಯಿತು. ಹೊರದೇಶಗಳಲ್ಲಿ ಕಲಿತ, ಅಮೆರಿಕದ ಪ್ರಜೆಗಳಲ್ಲದ ಅಭ್ಯರ್ಥಿಗಳಿಗೆ ದೊರೆತದ್ದು ಶೇ. 58.5 ಮಾತ್ರ. ಉಳಿದವರು ಎಲ್ಲಿ ಹೋಗಬೇಕು?

ಈ ಇಕ್ಕಟ್ಟಿಗೆ ಒಂದು ರಾಜಕೀಯ ಕಾರಣವೂ ಇದೆ. ರೆಸಿಡೆನ್ಸಿಯ ಖರ್ಚಿನ ದೊಡ್ಡ ಪಾಲನ್ನು ಭರಿಸುವುದು ಮೆಡಿಕೇರ್ ಎಂಬ ಸರಕಾರಿ ಯೋಜನೆ. 1997ರ ಕಾನೂನೊಂದು ಈ ನೆರವನ್ನು 1996ರಲ್ಲಿದ್ದ ಸ್ಥಾನಗಳ ಮಟ್ಟಕ್ಕೆ ಕಟ್ಟಿಹಾಕಿತು. 2020ರ ಡಿಸೆಂಬರ್‌ನಲ್ಲಿ 1,000 ಹೊಸ ಸ್ಥಾನಗಳಿಗೆ ಒಪ್ಪಿಗೆ ದೊರೆಯಿತಾದರೂ ಅದು ವರ್ಷಕ್ಕೆ 200ಕ್ಕಿಂತ ಹೆಚ್ಚಿಲ್ಲದಂತೆ, ಕಂತುಕಂತಾಗಿ. ಒಂದೆಡೆ ವೈದ್ಯರಿಲ್ಲದ ಹಳ್ಳಿಗಳು, ಇನ್ನೊಂದೆಡೆ ಕೆಲಸವಿಲ್ಲದ ವೈದ್ಯ ಪದವೀಧರರು.

ಮಿಸೌರಿ ರಾಜ್ಯ 2014ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಪದವಿ ಪಡೆದು, ಪರೀಕ್ಷೆಯ ಮೊದಲೆರಡು ಹಂತ ದಾಟಿ, ರೆಸಿಡೆನ್ಸಿ ಮಾಡದವರಿಗೆ 'ಅಸಿಸ್ಟೆಂಟ್ ಫಿಸಿಷಿಯನ್' ಎಂಬ ಪರವಾನಿಗೆ ಕೊಡುವ ಕಾನೂನು ತಂದಿತು. ಅರ್ಜಿಗಳನ್ನು ಪಡೆದು ಪರವಾನಿಗೆ ಕೊಡುವ ಕೆಲಸ ಆರಂಭವಾದದ್ದು 2017ರಲ್ಲಿ. ಇವರು ಓರ್ವ ಪೂರ್ಣ ವೈದ್ಯರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಪ್ರಾಥಮಿಕ ಚಿಕಿತ್ಸೆಯನ್ನಷ್ಟೇ ನೀಡಬೇಕು, ಅದೂ ವೈದ್ಯರ ಕೊರತೆಯಿರುವ ಹಳ್ಳಿಗಳಲ್ಲಿ ಅಥವಾ ನಗರದ ಬಡ ಭಾಗಗಳಲ್ಲಿ. ಬಳಿಕ ಅರ್ಕನ್ಸಾಸ್, 2024ರಲ್ಲಿ ಫ್ಲಾರಿಡಾ ಕೂಡಾ ಬೇರೆ ಬೇರೆ ಹೆಸರುಗಳಲ್ಲಿ ಇದೇ ದಾರಿ ಹಿಡಿದವು.

ಅಮೆರಿಕನ್ ವೈದ್ಯರ ಸಂಘ ಇಂಥ ಪರವಾನಿಗೆಗಳನ್ನು 2014ರಲ್ಲೇ ವಿರೋಧಿಸಿತು. 'ಫಿಸಿಷಿಯನ್ ಅಸಿಸ್ಟೆಂಟ್' ಎಂಬ ಇನ್ನೊಂದು ವೃತ್ತಿಯವರಿಗೂ ಅಸಮಾಧಾನವಾಯಿತು. ಹಿಂದುಮುಂದಾದ ಎರಡೇ ಪದಗಳು, ರೋಗಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಆ ವೃತ್ತಿಯವರು ಆ ಕೆಲಸಕ್ಕೆಂದೇ ಸುಮಾರು 27 ತಿಂಗಳು ಕಲಿತು ಬಂದವರು. ಅವರ ದೂರನ್ನು ಬರೀ ಅಸೂಯೆ ಎಂದು ತಳ್ಳಿಹಾಕುವಂತಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ಪದವೀಧರರು ಚಿಕಿತ್ಸೆ ನೀಡಲು ಸಮರ್ಥರಾಗಿದ್ದರೆ ಅವರನ್ನು ಶ್ರೀಮಂತರ ಬಡಾವಣೆಗಳಿಂದ ದೂರವಿಡುವುದೇಕೆ? ಸಮರ್ಥರಲ್ಲವೆಂದಾದರೆ ಬಡವರ ಬಳಿಗೆ ಕಳುಹಿಸುವುದೇಕೆ? 'ಏನೂ ಇಲ್ಲದಿರುವುದಕ್ಕಿಂತ ಇದು ಮೇಲು' ಎಂಬ ಉತ್ತರ ಸಿಗಬಹುದು. ಮೈಲುಗಟ್ಟಲೆ ದೂರ ವೈದ್ಯರಿಲ್ಲದ ಊರಿನ ತಾಯಿ ಈ ಉತ್ತರವನ್ನು ಒಪ್ಪಿಯಾಳು, ನಾನೂ ಅರ್ಧ ಒಪ್ಪುತ್ತೇನೆ. ಆದರೆ ತರಬೇತಿಗೆ ಹಣ ಕೊಡದ ಸರಕಾರ ಈ ಉತ್ತರದ ಹಿಂದೆ ಅಡಗಿಕೊಳ್ಳಬಾರದು.

ಆ ಕಾನೂನಿನ ಒಂದು ಅಂಶವನ್ನು ಮಾತ್ರ ಮೆಚ್ಚಲೇಬೇಕು. ಇವರು 'ಡಾಕ್ಟರ್' ಎಂದು ಹೇಳಿಕೊಳ್ಳಬಹುದು, ಆದರೆ ತಾನು ಅಸಿಸ್ಟೆಂಟ್ ಫಿಸಿಷಿಯನ್ ಎಂಬುದನ್ನು ಸ್ಪಷ್ಟಪಡಿಸಬೇಕು. ಇವರು ಔಷಧಿ ಬರೆದುಕೊಡುವ ಕ್ಲಿನಿಕ್ಕಿನಲ್ಲಿ ಎದ್ದು ಕಾಣುವಂತೆ ಫಲಕ ಹಾಕಬೇಕು: ನಿಮ್ಮನ್ನು ಅಸಿಸ್ಟೆಂಟ್ ಫಿಸಿಷಿಯನ್ ಪರೀಕ್ಷಿಸಬಹುದು, ಮೇಲ್ವಿಚಾರಕ ವೈದ್ಯರನ್ನೇ ಕಾಣುವ ಹಕ್ಕು ನಿಮಗಿದೆ.

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಮಿಸೌರಿಯ ಪರವಾನಿಗೆ ಅಮೆರಿಕದ ಪ್ರಜೆಗಳಿಗೆ ಅಥವಾ ಕಾನೂನುಬದ್ಧ ನಿವಾಸಿಗಳಿಗೆ ಮಾತ್ರ. ಗಂಡನ ಕೆಲಸದ ವೀಸಾದ ಆಸರೆಯಲ್ಲಿ ಹೋದವಳು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಪರೀಕ್ಷೆ ಪಾಸಾಗಲು ಕಾಲಮಿತಿಯೂ ಇದೆ. ಗಂಡನ ಉದ್ಯೋಗ ಬೇರೆ ರಾಜ್ಯಕ್ಕೆ ಹೋದರೆ ಆ ಪರವಾನಿಗೆ ಜೊತೆಗೆ ಬರುವುದಿಲ್ಲ. ಅಲ್ಲಿ ದುಡಿದ ವರ್ಷಗಳು ರೆಸಿಡೆನ್ಸಿಗೆ ಸಮವೂ ಅಲ್ಲ. ಪದವಿ ಪಡೆದು ವರ್ಷಗಳು ಕಳೆದಂತೆ 'ಮ್ಯಾಚ್'ನಲ್ಲಿ ಆಯ್ಕೆಯಾಗುವುದೂ ಕಷ್ಟವಾಗುತ್ತದೆ. ಆದ್ದರಿಂದ ಅವಳು ಪರೀಕ್ಷೆಯ ಸಿದ್ಧತೆಯನ್ನು ಇಲ್ಲಿಂದಲೇ ಆರಂಭಿಸಲಿ, ತರಬೇತಿಗೆ ಬೇಕಾದ ವರ್ಷಗಳ ಬಗ್ಗೆ ನಿಕಾಹ್‌ಗೆ ಮುಂಚೆಯೇ ಎರಡೂ ಮನೆಯವರು ಕೂತು ಮಾತಾಡಲಿ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ವರನ ಸಂಬಳ, ಮನೆ ಎಲ್ಲವನ್ನೂ ವಿಚಾರಿಸಿದ್ದೆವು, ಇದೊಂದನ್ನು ಕೇಳಿರಲಿಲ್ಲ' ಎಂದರು. ಅಂದು ಸಂಜೆಯೇ ವರನ ತಂದೆಗೆ ಫೋನ್ ಮಾಡಿದರಂತೆ.